ಸೋಮವಾರದ ಮನೆ

ಶಿಷ್ಯ ಕೇಳಿದ: “ಗುರುಗಳೇ, ಮೇಷ್ಟ್ರಾಗಬೇಕೆಂದು ಬೇರೆ ಬೇರೆ ಕೇರಿಗಳಿಂದ, ಹಟ್ಟಿಗಳಿಂದ ಬಂದ ಮೂವರಿಗೆ ನಮ್ಮ ಮಠದಿಂದ ನೆರವು ಕೊಟ್ಟೆವು. ಖಾಲಿ ಬಿದ್ದಿದ್ದ ಹಿಂದಿನ ಕೋಣೆ ಬಿಟ್ಟುಕೊಟ್ಟೆವು. ಯಾರೂ ಮುಟ್ಟದೆ ಇದ್ದ ಪುಸ್ತಕಗಳನ್ನೆಲ್ಲ ಕೊಟ್ಟೆವು. ಆದರೂ ಮೂವರೂ ಅರ್ಧಕ್ಕೇ ಬಿಟ್ಟುಹೋದರು. ಕೊಟ್ಟದ್ದನ್ನು ಉಳಿಸಿಕೊಳ್ಳಲಾರದವರಿಗೆ ಇನ್ನೇನು ಮಾಡುವುದು?”

ಗುರುಗಳು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಒಳ್ಳೆಯವನು. ತಾನು ಒಳ್ಳೆಯವನೆಂದು ಅವನಿಗೂ ಗೊತ್ತಿತ್ತು. ಅದೊಂದೇ ಅವನಿಗಿದ್ದ ಕಾಯಿಲೆ.

ಆ ಪಟ್ಟಣದಲ್ಲಿ ಮೇಷ್ಟ್ರಾಗುವವರಿಗೆ ಕಲಿಸುವ ಶಾಲೆಯೊಂದಿತ್ತು. ಎರಡು ವರ್ಷದ ಓದು. ಪಟ್ಟಣದಾಚೆ ಬುಟ್ಟಿ ಹೆಣೆಯುವವರ ಕೇರಿ. ಆ ಕೇರಿಗೆ ಯಾವ ಮೇಷ್ಟ್ರನ್ನು ಕಳಿಸಿದರೂ ನಾಲ್ಕು ದಿನ ನಿಲ್ಲುತ್ತಿರಲಿಲ್ಲ. ಒಬ್ಬನಿಗೆ ಅಲ್ಲಿಯ ನೀರು ಒಗ್ಗಲಿಲ್ಲ. ಇನ್ನೊಬ್ಬನಿಗೆ ಗಾಳಿ ಒಗ್ಗಲಿಲ್ಲ. ಮೂರನೆಯವನಿಗೆ ನೀರೂ ಒಗ್ಗಿತು, ಗಾಳಿಯೂ ಒಗ್ಗಿತು, ಮಕ್ಕಳು ಒಗ್ಗಲಿಲ್ಲ.

ಕೊನೆಗೆ ಆ ಕೇರಿಯ ತರುಣನೊಬ್ಬ ಬಂದು ವರ್ತಕನ ಅಂಗಡಿಯ ಮುಂದೆ ನಿಂತ. “ಬುದ್ಧಿ, ನಾನೇ ಮೇಷ್ಟ್ರಾಗ್ತೀನಿ. ನಮ್ಮ ಕೇರಿ ಗಾಳಿ ನೀರು ಹುಟ್ಟಿದಾಗಿಂದ ನನಗೆ ಒಗ್ಗಿದೆ. ಎರಡು ವರ್ಷ ಹೊಟ್ಟೆಗೊಂದು ದಾರಿ ಆದರೆ ಸಾಕು” ಎಂದ.

ವರ್ತಕನಿಗೆ ಮಾತು ಹಿಡಿಸಿತು. ಅಲ್ಲಿ ವಾರಾನ್ನದ ಪದ್ಧತಿ ಇತ್ತು. ಓದುವ ಬಡವರಿಗೆ ಏಳು ಮನೆಯವರು ವಾರದಲ್ಲಿ ಒಂದೊಂದು ದಿನ ಊಟ ಹಾಕುತ್ತಿದ್ದರು. ಮಧ್ಯಾಹ್ನ ಉಂಡು, ರಾತ್ರಿಗೆ ಬುತ್ತಿ ಕಟ್ಟಿಸಿಕೊಂಡು ಹೋಗುವುದು ರೂಢಿ. ಆದರೆ ಬುಟ್ಟಿ ಹೆಣೆಯುವವರ ಕೇರಿಯಿಂದ ಬಂದು ವಾರ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

“ಏಳು ಮನೆ ನಾನು ಹೊಂದಿಸ್ತೀನಿ ಹೋಗಯ್ಯ” ಎಂದ ವರ್ತಕ.

ಹೊಂದಿಸುವವನು ಮೊದಲು ತನ್ನ ಮನೆಯ ವಾರ ಹೇಳಬೇಕಲ್ಲ. ಅವನು ಯೋಚನೆಗೆ ಬಿದ್ದ. ಬಂದವನನ್ನು ಕೂರಿಸುವುದು ಎಲ್ಲಿ? ಒಳಗೆ, ಮನೆಯವರ ಪಂಕ್ತಿಯಲ್ಲಿ ಎಂದರೆ ವಯಸ್ಸಾದ ತಾಯಿ ಎಲೆ ಬಿಟ್ಟು ಎದ್ದಾಳು. ಹೊರಗೆ, ಜಗಲಿಯಲ್ಲಿ ಎಂದರೆ ಊರು ಆಡಿಕೊಂಡೀತು. ಆಗ ಹೊಳೆಯಿತು. ಸೋಮವಾರ ಮನೆಯಲ್ಲಿ ಶಿವನ ವ್ರತ. ಸಂಜೆ ದೀಪ ಹಚ್ಚುವ ತನಕ ಒಲೆ ಹಚ್ಚುವುದಿಲ್ಲ. ಊಟವೇ ಇಲ್ಲದ ದಿನ ಪಂಕ್ತಿ ಎಲ್ಲಿಯದು? ಪಂಕ್ತಿಯೇ ಇಲ್ಲದ ಮೇಲೆ ತಕರಾರು ಎಲ್ಲಿಯದು? ನೆನೆಸಿದ ಅವಲಕ್ಕಿ, ಎರಡು ಬಾಳೆಹಣ್ಣು ಕೈಗಿತ್ತರಾಯಿತು. ಒಂದು ದಿನ ತಾನೆ, ಉಳಿದ ಆರು ಮನೆ ಇದ್ದೇ ಇವೆ.

“ಸೋಮವಾರ ನಮ್ಮ ಮನೆ” ಎಂದ.

ಆಮೇಲೆ ಆರು ಮನೆಗೆ ಹೋಗಿ ಕೇಳಿದ. ಒಬ್ಬರೂ ಇಲ್ಲ ಎನ್ನಲಿಲ್ಲ. ಎಲ್ಲರೂ ತುಸು ಯೋಚಿಸಿದರು, ತುಸು ತಲೆ ಕೆರೆದುಕೊಂಡರು, ಒಂದೊಂದು ವಾರ ಹೇಳಿದರು. ಒಂದೇ ವಾರಕ್ಕೆ ಇಬ್ಬರು ಪಟ್ಟು ಹಿಡಿಯಲೂ ಇಲ್ಲ. ಇದು ದೇವರ ಕೃಪೆಯೇ ಸರಿ ಎಂದುಕೊಂಡು ವರ್ತಕ ಮನೆಗೆ ಬಂದು ಕೈಕಾಲು ತೊಳೆದುಕೊಂಡ.

ಎರಡು ವರ್ಷ ಕಳೆಯಿತು. ತರುಣ ಓದಿನಲ್ಲಿ ಗಟ್ಟಿಗ. ಮೈಯಲ್ಲಿ ಮಾತ್ರ ದಿನೇ ದಿನೇ ಬಿದಿರ ಕಡ್ಡಿಯಾಗುತ್ತ ಹೋದ. ಓದುವವರು ಸೊರಗುವುದು ಸಹಜ ಎಂದು ವರ್ತಕ ತನಗೆ ತಾನೇ ಹೇಳಿಕೊಂಡ. ತನಗೆ ತಾನೇ ಹೇಳಿಕೊಂಡ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ.

ಕೊನೆಯ ಪರೀಕ್ಷೆಯ ದಿನ ಬಂತು. ಚಿಕ್ಕ ಮಕ್ಕಳ ಮುಂದೆ ನಿಂತು ಒಂದು ಪಾಠ ಮಾಡಿ ತೋರಿಸಬೇಕು. ಗೆದ್ದರೆ ಕೇರಿಗೆ ಮೇಷ್ಟ್ರು, ಸೋತರೆ ಬುಟ್ಟಿ. ವಾರ ಕೊಟ್ಟ ಏಳು ಮನೆಯ ಯಜಮಾನರನ್ನೂ ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಮುಂದೆ ನೆಲದ ಮೇಲೆ ಅವರದೇ ಮನೆಗಳ ಮಕ್ಕಳು. ಪಕ್ಕದಲ್ಲಿ ಪರೀಕ್ಷಕ.

ಪಾಠ, ವಾರದ ಏಳು ದಿನಗಳು. ತರುಣ ಹಲಗೆಯ ಮೇಲೆ ಏಳು ಮನೆ ಗೀಚಿದ. ಮಗುವಿಗೆ ಗೊತ್ತಿರುವುದರಿಂದಲೇ ಪಾಠ ಶುರು ಮಾಡಬೇಕೆಂದು ಅವನು ಕಲಿತಿದ್ದ. ಹಾಗಾಗಿ ಸೋಮವಾರ ಎಂದು ಬರೆದು, “ಅವತ್ತು ನಿಮ್ಮ ನಿಮ್ಮ ಮನೇಲಿ ಏನು ವಿಶೇಷ, ಹೇಳಿ ನೋಡೋಣ” ಎಂದ.

ವರ್ತಕನ ಕಿರಿಮಗಳು ಎದ್ದೇ ನಿಂತಳು. “ಸೋಮವಾರ ನಮ್ಮನೇಲಿ ಒಲೆ ಹಚ್ಚಲ್ಲ! ಅವತ್ತೇ ಅಲ್ವಾ ಮೇಷ್ಟ್ರೇ ನೀವು ಬರೋದು?”

ಮಕ್ಕಳು ನಕ್ಕರು. ತರುಣನೂ ನಕ್ಕು ಮಂಗಳವಾರ ಎಂದು ಬರೆದ.

“ನಮ್ಮನೇಲಿ ಮಂಗಳವಾರ ಹಚ್ಚಲ್ಲ! ದೇವಿ ವ್ರತ! ನಮ್ಮನೆಗೂ ಬರ್ತಾರೆ!” ಎಂದಿತು ಇನ್ನೊಂದು ಮಗು.

ಬುಧವಾರ ಎಂದು ಬರೆದು ಮುಗಿದಿರಲಿಲ್ಲ. “ಅವತ್ತು ಸಂತೆ! ನಮ್ಮನೆಗೆ ಬೀಗ! ಜಗಲಿ ಮೇಲೆ ಇವರಿಗೆ ಮಂಡಕ್ಕಿ ಇಟ್ಟು ಹೋಗ್ತೀವಿ!” ಎಂದಿತು ಮತ್ತೊಂದು.

ವರ್ತಕ ಬೆಂಚಿನ ಉದ್ದಕ್ಕೂ ನೋಡಿದ. ಆರು ಜನ ಯಜಮಾನರೂ ತಮ್ಮ ತಮ್ಮ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದರು. ಆಗ ಅವನಿಗೆ ತಿಳಿಯಿತು. ತನಗೆ ಹೊಳೆದ ಉಪಾಯ ತನಗೊಬ್ಬನಿಗೇ ಹೊಳೆದಿರಲಿಲ್ಲ. ಏಳು ಮನೆ, ಏಳು ದಿನ, ಏಳೂ ತಣ್ಣನೆಯ ಒಲೆ.

ಮುಂದಿನ ಸಾಲಿನಲ್ಲಿ ಗುರುವಾರದ ಮನೆಯ ಮಗು ಆಗಲೇ ಕೈ ಎತ್ತಿ ಕುಣಿಯುತ್ತಿತ್ತು. ತರುಣ ಆ ಮಗುವನ್ನು ನೋಡಿದ. ಹಿಂದಿನ ಬೆಂಚನ್ನು ನೋಡಿದ. ಸುಣ್ಣದ ಕಡ್ಡಿ ಕೆಳಗಿಟ್ಟ.

“ಸಾಕು ಕಣ್ರೋ ಮಕ್ಕಳೇ, ಇವತ್ತಿಗೆ ವಾರಕ್ಕೆ ಮೂರೇ ದಿನ” ಎಂದ.

ಮಕ್ಕಳು ಬಿದ್ದು ಬಿದ್ದು ನಕ್ಕರು. ಪರೀಕ್ಷಕ ನಗಲಿಲ್ಲ. ಹಲಗೆಯ ಮೇಲೆ ಖಾಲಿ ಉಳಿದ ನಾಲ್ಕು ಮನೆ ನೋಡಿದ. ‘ವಾರದ ಏಳು ದಿನ ಪೂರ್ತಿ ಹೇಳಲಾರದವನು ಮೇಷ್ಟ್ರಾಗಲಾರ’ ಎಂದು ಬರೆದು ರುಜು ಹಾಕಿದ.

ವರ್ತಕನಿಗೆ ಒಂದು ಮಾತು ಬಾಯಿಯ ತನಕ ಬಂತು. ಸ್ವಾಮಿ, ಏಳು ದಿನವನ್ನೂ ಇವನಷ್ಟು ತಿಳಿದವನು ಈ ಪಟ್ಟಣದಲ್ಲೇ ಇಲ್ಲ, ನಮ್ಮ ಮಾನ ಉಳಿಸಲು ನಿಲ್ಲಿಸಿದ, ಅಷ್ಟೇ. ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಬೇಕಾದರೆ ಸೋಮವಾರದ ಮನೆ ಯಾರದೆಂದು ಮೊದಲು ಹೇಳಬೇಕಿತ್ತು. ಅವನ ನಾಲಿಗೆಯೂ ಅಂದು ಉಪವಾಸ ಮಾಡಿತು. ಪರೀಕ್ಷಕ ಎದ್ದ, ಯಜಮಾನರು ಎದ್ದರು. ತರುಣ ಎಲ್ಲರಿಗೂ ಕೈ ಮುಗಿದು ಕೇರಿಯ ದಾರಿ ಹಿಡಿದ.

ಆ ರಾತ್ರಿಯಿಂದ ವರ್ತಕನಿಗೆ ಅನ್ನ ಸೇರದಾಯಿತು. ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿ, “ನೀನು ಎಲೆ ಬಿಟ್ಟು ಏಳ್ತೀಯ ಅಂತ ಹೆದರಿದೆ ಕಣಮ್ಮ” ಎಂದ.

“ಏಳ್ತಿದ್ದೆನೋ, ಕೂರ್ತಿದ್ದೆನೋ” ಎಂದಳು ಮುದುಕಿ. “ನೀನು ನನ್ನ ಕೇಳಲೇ ಇಲ್ಲವಲ್ಲಪ್ಪ.”

ಮುಂದಿನ ಸೋಮವಾರ ವರ್ತಕ ವ್ರತ ಮುರಿದ. ಹಗಲಿನಲ್ಲೇ ಒಲೆ ಹಚ್ಚಿಸಿದ. ನಡುಮನೆಯಲ್ಲಿ ತನ್ನ ಎಲೆಯ ಪಕ್ಕಕ್ಕೆ ಇನ್ನೊಂದು ಎಲೆ ಹಾಕಿಸಿದ. ಯಾರೂ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಬರಲಿಲ್ಲ. ಕೇರಿಗೆ ಎರಡು ಸಲ ಆಳು ಕಳಿಸಿದ. ಬಿದಿರು ತರಲು ಹೋಗಿದ್ದಾನೆ ಎಂದರು.

ನಾಲ್ಕನೆಯ ಸೋಮವಾರ ಮೊರ ಮಾರುತ್ತ ತರುಣನೇ ಬಂದ. ಹಿಂದೆ ಕೇರಿಯ ಇಬ್ಬರು ಮಕ್ಕಳು ತಲೆಯ ಮೇಲೆ ಬುಟ್ಟಿ ಹೊತ್ತಿದ್ದರು. ಶಾಲೆಗೆ ಹೋಗುವ ವಯಸ್ಸಿನವರು.

ವರ್ತಕ ಬಾಗಿಲಿಗೆ ಓಡಿ ಬಂದು ಅವನ ಕೈ ಹಿಡಿದ. “ಒಳಗೆ ಬಾರಯ್ಯ. ಎಲೆ ಹಾಕಿದೆ. ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕೂತ್ಕೋ. ಏಳು ದಿನವೂ ನನ್ನ ಮನೇಲೇ ಉಣ್ಣು. ಮಕ್ಕಳನ್ನೂ ಕರಕೊಂಡು ಬಾ.”

ತರುಣ ಒಳಗೆ ಇಣುಕಿ ನೋಡಿದ. ಎಲೆಯ ಮೇಲೆ ಅನ್ನ ಹಬೆಯಾಡುತ್ತಿತ್ತು. ಮೆಲ್ಲಗೆ ಕೈ ಬಿಡಿಸಿಕೊಂಡ.

“ಮಕ್ಕಳು ಉಣ್ಣಲಿ ಬುದ್ಧಿ. ನನಗೆ ಬೇಡ. ಸೋಮವಾರ ಅಲ್ವಾ? ಎರಡು ವರ್ಷದಲ್ಲಿ ನನಗೂ ವ್ರತ ಹತ್ತಿಬಿಟ್ಟಿದೆ” ಎಂದು ನಕ್ಕ.

ಮಕ್ಕಳು ಉಂಡು ಬರುವ ತನಕ ಬೀದಿಯಲ್ಲೇ ನಿಂತಿದ್ದ. ಆಮೇಲೆ ಮೂವರೂ ಹೋದರು. ಆ ಕೇರಿಗೆ ಮೇಷ್ಟ್ರು ಇವತ್ತಿಗೂ ಇಲ್ಲ. ಆ ಮನೆಯಲ್ಲಿ ಸೋಮವಾರ ಇವತ್ತಿಗೂ ಒಂದು ಎಲೆ ಹೆಚ್ಚಿಗೆ ಬೀಳುತ್ತದೆ.

ಕತೆ ಮುಗಿಯಿತೆಂದು ಶಿಷ್ಯ ನಮಸ್ಕರಿಸಿ ಏಳಹೊರಟ. ಗುರುಗಳು ಕೇಳಿದರು:

“ಆ ಮೂವರಿಗೆ ನೀನು ಕೊಟ್ಟದ್ದು ನಿನ್ನ ಯಾವ ವಾರ, ಮಗು?”