ಕರಾಳದಂತನ ಮಡು

"ಕೇಳಿರಿ ಕಾಡಿನವರೇ, ಹೊಳೆಯಲ್ಲಿ ಉಳಿದಿರುವುದು ಒಂದೇ ಮಡು. ಅದು ದೊರೆ ಕರಾಳದಂತರದು. ದಂಡೆಯಲ್ಲಿ ನಿಂತು ಅವರ ಮೂರು ಒಗಟು ಬಿಡಿಸಿದವರಿಗೆ ನೀರು. ತಪ್ಪಿದವರು ದೊರೆಯ ಊಟ."

ಟಿಟ್ಟಿಭ ಹಕ್ಕಿ ಹೀಗೆ ಸಾರಿ ಎಂಟು ದಿನವಾಗಿತ್ತು. ಮೊಸಳೆ ದೊರೆಯ ಹೊಟ್ಟೆಗೆ ಎಂಟು ಜೀವ ಹೋಗಿದ್ದವು. ಚಿಪ್ಪುಹಂದಿ ಬಿಕ್ಕನ ತಾಯಿಯೂ ಅದರಲ್ಲಿ ಒಬ್ಬಳು. ಪಾಪ, ಅವಳು ಬಾಯಿ ಬಿಡುವಷ್ಟೂ ಪುರಸೊತ್ತಾಗಲಿಲ್ಲ. ಹೆದರಿದರೆ ಮೈ ಸುತ್ತಿ ಉಂಡೆಯಾಗುವುದು ಚಿಪ್ಪುಹಂದಿಗಳ ರೂಢಿ. ಚಿರತೆಯ ಮುಂದೆ ಆ ಜಾಣತನ ನಡೆಯುತ್ತದೆ. ಇಳಿಜಾರು ದಂಡೆಯಲ್ಲಿ ಉಂಡೆಯಾದವಳು ಉರುಳಿ ನೇರ ಮೊಸಳೆಯ ಬಾಯಿಗೇ ಬಿದ್ದಳು.

ಒಂಬತ್ತನೇ ದಿನ ಬೆಳಗ್ಗೆ ಬಿಕ್ಕ ಪುಟ್ಟ ತಂಗಿ ಸಿಬ್ಬಿಯನ್ನು ಬಾಲದ ಮೇಲೆ ಕೂರಿಸಿಕೊಂಡು ದಂಡೆಗೆ ಬಂದ. ಅವಳು ನೀರು ಕುಡಿದು ಮೂರು ದಿನ. ಗೆಲ್ಲುವ ಆಸೆ ಅವನಿಗೆ ಎಳ್ಳಷ್ಟೂ ಇರಲಿಲ್ಲ. ಬಿಲದಲ್ಲಿ ಕೂತು ಅವಳು ಸಾಯುವುದನ್ನು ನೋಡಲಾರದೆ ಬಂದಿದ್ದ, ಅಷ್ಟೇ.

"ಕಟ್ಟುವವನು ಏನನ್ನೂ ತರುವುದಿಲ್ಲ, ಬರೀ ಹೊರಗೆ ಎಸೆಯುತ್ತಾನೆ. ಎಸೆದಷ್ಟೂ ಮನೆ ದೊಡ್ಡದಾಗುತ್ತದೆ. ಯಾವುದದು?" ಎಂದ ದೊರೆ.

ಹಿಂದಿನ ದಿನಗಳಲ್ಲಿ ಇದೇ ಒಗಟಿಗೆ, ಮನೆ ಕಟ್ಟಿ ಗೊತ್ತಿಲ್ಲದ ಚಿರತೆ ಗುಹೆ ಎಂದಿತ್ತು. ಕೆಂದಳಿಲು ತನ್ನ ಗೂಡಿನ ಹೆಸರು ಹೇಳಿತ್ತು. ಎರಡೂ ಮತ್ತೆ ಕಂಡಿರಲಿಲ್ಲ.

"ಬಿಲ," ಎಂದ ಬಿಕ್ಕ. "ನಾನು ದಿನಾ ಮಣ್ಣು ಎಸೆಯುವವನು."

"ಕಣ್ಣಿಗೆ ಕಾಣದು, ಬಾಯಿಲ್ಲ. ಹೋದವರು ಇನ್ನೂ ಇಲ್ಲೇ ಇದ್ದಾರೆ ಎಂದು ಸುಳ್ಳು ಹೇಳುತ್ತದೆ."

"ವಾಸನೆ. ಅಮ್ಮ ಮಲಗುತ್ತಿದ್ದ ಜಾಗಕ್ಕೆ ಹೋದರೆ ನನಗೂ ಹಾಗೇ ಹೇಳುತ್ತದೆ."

ಮೊಸಳೆ ಇನ್ನಷ್ಟು ಹತ್ತಿರ ಬಂದ. "ನನ್ನೊಳಗೆ ಒಂದಿದೆ. ದಿನಕ್ಕೊಂದು ಜೀವ ಹಾಕಿದರೂ ಅದು ಬೆಳೆಯುತ್ತಲೇ ಹೋಗುತ್ತದೆ. ಏನದು?"

"ಹಸಿವು ಅಂತ ಹೇಳಣ್ಣ," ಎಂದು ಸಿಬ್ಬಿ ಪಿಸುಗುಟ್ಟಿದಳು. ಬಿಕ್ಕನ ಬಾಯಿಗೂ ಅದೇ ಬಂದಿತ್ತು. ಆದರೆ ಊಟವಾದರೆ ಹಸಿವು ತಗ್ಗಬೇಕಲ್ಲ? ಅಷ್ಟರಲ್ಲಿ ಅವನ ಬೆನ್ನು ತಾನಾಗಿ ಬಾಗತೊಡಗಿತು. ಉಂಡೆಯಾದರೆ ಇಬ್ಬರೂ ಉರುಳುತ್ತಾರೆ. ಉಗುರುಗಳನ್ನು ಮಣ್ಣಿಗೆ ಊರಿ ಹಲ್ಲಿಲ್ಲದ ಬಾಯಿ ಬಿಗಿಹಿಡಿದು ನಿಂತ.

"ಭಯ," ಎಂದ. "ನನ್ನೊಳಗೂ ಈಗ ಅದೇ ಇದೆ. ಭಯವಾದರೆ ನಾವು ಮೈ ಸುತ್ತಿಕೊಳ್ಳುತ್ತೇವೆ. ನಿಮಗೆ ಸುತ್ತಿಕೊಳ್ಳಲು ಬರುವುದಿಲ್ಲ ದೊರೆ, ಅದಕ್ಕೆ ತಿನ್ನುತ್ತೀರಿ."

ಮೊಸಳೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ. "ಗೆದ್ದೆ. ಮಡು ನಿನ್ನದು. ಇದರಲ್ಲಿ ಉಳಿದಿರುವುದು ಮೂರು ದಿನದ ನೀರು, ನನ್ನ ಭಯ ಅದೇ. ಅದು ನನಗೊಬ್ಬನಿಗೇ ಗೊತ್ತಿತ್ತು, ಈಗ ನಿನಗೂ ಗೊತ್ತಾಯಿತು."

ನೀರು ಎಲ್ಲರಿಗೂ ಎಂದು ಸಾರಲು ಬಿಕ್ಕ ಟಿಟ್ಟಿಭವನ್ನು ಕಳಿಸಿದ. ಯಾರೂ ನಂಬಲಿಲ್ಲ, ಯಾರೂ ಬರಲಿಲ್ಲ. ಖಾಲಿ ದಂಡೆಯಲ್ಲಿ ಸಿಬ್ಬಿ ಒಬ್ಬಳೇ ನಾಲಗೆ ಚಾಚಿ ಕುಡಿದಳು. ನಡುವೆ ತಲೆ ಎತ್ತಿ, ನಾಲ್ಕನೇ ದಿನ ಏನು ಮಾಡೋದಣ್ಣ, ಎಂದು ಕೇಳಿದಳು.

ಬಿಕ್ಕ ಅವಳ ಮುಖವನ್ನು ಮತ್ತೆ ನೀರಿನ ಕಡೆಗೆ ತಿರುಗಿಸಿದ.

"ಇನ್ನೊಂದು ಗುಟುಕು ಕುಡಿ," ಎಂದ.