ಬಳೆ ತೆಗೆಯದ ಸೂಲಗಿತ್ತಿ

ಹೊಳೆದಂಡೆಯ ಹೆಂಚಿನ ಮನೆಯಲ್ಲಿ ಸೂಲಗಿತ್ತಿ ಚಿಕ್ಕತಾಯಮ್ಮ ಇದ್ದಳು. ಸುತ್ತಲ ಹನ್ನೆರಡು ಊರಿನ ಮಕ್ಕಳು ಭೂಮಿಗೆ ಬಿದ್ದಾಗ ಮೊದಲು ಮುಟ್ಟಿದ್ದು ಅವಳ ಕೈಯನ್ನೇ.

ಅವಳಿಗೆ ಶಿಷ್ಯೆ ಅಂತ ಇದ್ದವಳು ನೇತ್ರಾ ಒಬ್ಬಳೇ. ಆರು ವರ್ಷದಿಂದ ಬೆನ್ನು ಬಿಡದೆ ಕಲಿಯುತ್ತಿದ್ದವಳು.

ಹೆರಿಗೆ ಮನೆಯ ಹೊಸಿಲಿಗೆ ಬಂದೊಡನೆ ಚಿಕ್ಕತಾಯಮ್ಮ ಕೈಬಳೆ ತೆಗೆದು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ಆಮೇಲೆ ಮೊಣಕೈವರೆಗೂ ಸೋಪು ಹಚ್ಚಿ ತೊಳೆಯುತ್ತಿದ್ದಳು.

“ಬಳೆ ಯಾಕಜ್ಜಿ ತೆಗೀಬೇಕು?” ಎಂದು ನೇತ್ರಾ ಮೊದಲ ದಿನವೇ ಕೇಳಿದ್ದಳು.

“ಕೂಸಿಗೆ ಚುಚ್ಚದೇ ಇರ್ಲಿ ಅಂತ. ಇನ್ನೊಂದು ಮಾತು. ಬಳೆ ತೆಗೆದ್ ಮ್ಯಾಲೆ ನಾನು ಯಾರಿಗೂ ಅವ್ವ ಅಲ್ಲ, ಅಜ್ಜಿ ಅಲ್ಲ. ಬರೀ ಎರಡು ಕೈ. ಅವ್ವ ಆದೋಳು ಹೆದರ್ತಾಳೆ ಕಣೆ. ಕೈ ಹೆದರಬಾರ್ದು.”

ಈಗ ನೇತ್ರಾಳೇ ಬಸುರಿ. ಮದುವೆಯಾಗಿ ಏಳು ವರ್ಷಕ್ಕೆ ನಿಂತ ಗರ್ಭ. ಐದನೇ ತಿಂಗಳಲ್ಲಿ ಪೇಟೆಯ ಡಾಕ್ಟ್ರಮ್ಮ ಸ್ಕ್ಯಾನ್ ಮಾಡಿ, “ಮಾಸು, ಅದೇ ಪ್ಲಾಸೆಂಟಾ, ಕೆಳಗಿದೆ. ಹೊಟ್ಟೆ ಬೆಳೆದ ಹಾಗೆ ಮೇಲಕ್ಕೆ ಹೋಗಬಹುದು, ಕಾಯೋಣ” ಎಂದಿದ್ದರು.

ಕಾದರು. ಎಂಟನೇ ತಿಂಗಳಿಗೆ ಬಿದ್ದರೂ ಅದು ಮೇಲಕ್ಕೆ ಹೋಗಲಿಲ್ಲ. ಗರ್ಭದ ಬಾಯಿಗೇ ಅಡ್ಡ ಕೂತಿತ್ತು.

ಮೊದಲು ಕೂಸು, ಆಮೇಲೆ ಮಾಸು. ನೇತ್ರಾ ಕಲಿತ ಮೊದಲ ಪಾಠವೇ ಅದು. ತನ್ನ ಹೊಟ್ಟೆಯಲ್ಲೇ ಅದು ತಿರುವುಮುರುವಾಗಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ. ಕಂಡಕಂಡ ಬಸುರಿಯರಿಗೆ ಧೈರ್ಯ ಹೇಳುತ್ತಿದ್ದವಳು ಈಗ ತನಗೆ ಧೈರ್ಯ ಹೇಳುವವರನ್ನು ಹುಡುಕುವಂತಾಯಿತು.

ಸ್ಕ್ಯಾನಿನ ಚೀಟಿ ಹಿಡಿದು ಗುರುವಿನ ಮನೆಗೆ ಬಂದಳು.

“ರಕ್ತ ಕಂಡ್ರೆ ಕೂತಲ್ಲಿಂದ ಹಾಗೇ ಎದ್ದು ಬರಬೇಕಂತೆ ಅಜ್ಜಿ. ಕೊಯ್ದೇ ತೆಗೀಬೇಕಂತೆ. ಈಗಿಂದ್ಲೇ ಪೇಟೆಗೆ ಬಂದಿರು ಅಂತಾರೆ.”

“ಹೂಂ.”

“ಮಿಷನ್ನು ತಪ್ಪು ಹೇಳಿರಬೌದಲ್ವಾ? ನೀವೊಂದ್ಸಲ ಒಳಗೆ ಕೈ ಹಾಕಿ ನೋಡ್ಬಿಡಿ. ನೀವು ಹೇಳಿದ್ರೆ ನನಗೆ ಸಮಾಧಾನ.”

ಚಿಕ್ಕತಾಯಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತಳು.

“ಅಜ್ಜಿ, ಕೇಳಿಸ್ತಾ?”

“ಕೇಳಿಸ್ತು. ಅದ್ಕೇ ಹಿಂಗೆ ಕೂತಿವ್ನಿ. ಪೇಟೆಗೆ ಹೋಗು.”

ನೇತ್ರಾಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರು ಕರೆದರೂ ಉಣ್ಣುವ ತಟ್ಟೆ ಬಿಟ್ಟು ಎದ್ದು ಹೋಗುವ ಮುದುಕಿ, ತನಗೆ ಮಾತ್ರ ಕೈ ಚಾಚಲಿಲ್ಲ.

ಮರುದಿನ ಮತ್ತೆ ಬಂದಳು. ಭಯಕ್ಕೆ ಮಾನ ಮರ್ಯಾದೆ ಎಲ್ಲಿಯದು?

ಚಿಕ್ಕತಾಯಮ್ಮ ಈ ಸಲ ಕೈ ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡಳು.

“ಬೋರಮ್ಮ ಅಂತ ಒಬ್ಳಿದ್ಳು. ಹಿಂಗೇ ದಿನ ತುಂಬ್ತಾ ಬಂದಿತ್ತು. ನೋವಿಲ್ಲ, ರಕ್ತ ಮಾತ್ರ ಕಾಣ್ತಿತ್ತು. ಏನದೆ ಅಂತ ಕೈ ಹಾಕಿ ನೋಡ್ದೆ. ಬೆರಳು ಮಾಸಿಗೇ ತಗುಲ್ತು.”

“ಆಮೇಲೆ?”

“ಆಮೇಲೆ ಏನೂ ಇಲ್ಲ ಮಗ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.”

ಆರು ವರ್ಷದಲ್ಲಿ ಒಮ್ಮೆಯೂ ಈ ಹೆಸರು ನೇತ್ರಾಳ ಕಿವಿಗೆ ಬಿದ್ದಿರಲಿಲ್ಲ.

“ನನಗ್ಯಾಕೆ ಇದನ್ನ ಕಲಿಸಲಿಲ್ಲ ನೀವು?”

“ಹಿಡಿಯೋದ ಕಲಿಸೋದು ಸುಲಭ. ಮುಟ್ಟದೇ ಇರೋದ ಕಲಿಯಾಕೆ ನಂಗೆ ಬೋರಮ್ಮನ ಜೀವ ಹೋಗ್ಬೇಕಾಯ್ತು. ನಿಂಗೆ ಈಗ ಬರೀ ಬಾಯಲ್ಲಿ ಹೇಳ್ತಾ ಇವ್ನಿ. ಪೇಟೆಗೆ ಹೋಗು.”

“ನನ್ನ ಕೂಸು ಉಳಿಯುತ್ತಾ ಅಜ್ಜಿ?”

“ಗೊತ್ತಿಲ್ಲ.”

“ಉಳಿಯುತ್ತೆ ಅಂತಾದ್ರೂ ಅನ್ನಿ.”

“ನಾನು ಸೂಲಗಿತ್ತಿ ಕಣೆ. ಕಣಿ ಹೇಳೋಳಲ್ಲ.”

ನಾಳೆ ಹೊರಡುತ್ತೇನೆ ಎಂದುಕೊಂಡು ನೇತ್ರಾ ಮನೆಗೆ ಹೋದಳು. ಬಟ್ಟೆ ಗಂಟು ಕಟ್ಟಿಟ್ಟಳು.

ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಸೀರೆ ಬೆಚ್ಚಗಾಯಿತು. ಬಗ್ಗಿ ನೋಡಿದರೆ ರಕ್ತ. ನೋವು ಸಾಸಿವೆಯಷ್ಟೂ ಇರಲಿಲ್ಲ. ಬೋರಮ್ಮನಿಗೂ ನೋವಿರಲಿಲ್ಲ.

ಗಂಡ ಸಿದ್ದರಾಜು ಬಾಡಿಗೆಗೆ ಓಡಿಸುವ ಆಟೊದಲ್ಲೇ ಅವಳನ್ನು ಮಲಗಿಸಿಕೊಂಡು ಹೊರಟ. ಪೇಟೆಯ ದಾರಿಯಲ್ಲೇ ಗುರುವಿನ ಮನೆ.

“ಅಜ್ಜಿ, ರಕ್ತ!” ಎಂದು ನೇತ್ರಾ ಆಟೊದೊಳಗಿನಿಂದಲೇ ಕೂಗಿದಳು.

ಚಿಕ್ಕತಾಯಮ್ಮ ಒಂದು ಸಲ ನೋಡಿದಳು, ಮನೆಯೊಳಕ್ಕೆ ಹೋದಳು. ಕೈ ತೊಳೆಯುತ್ತಿದ್ದಾಳೆ, ಬಳೆ ತೆಗೆಯುತ್ತಿದ್ದಾಳೆ ಎಂದುಕೊಂಡಳು ನೇತ್ರಾ. ಬಳೆ ತೆಗೆದ ಆ ಕೈ ಪಕ್ಕದಲ್ಲಿದ್ದರೆ ಸಾಕು, ಯಮನೇ ಬಂದರೂ ಎದುರಿಸಬಹುದು ಅನ್ನಿಸಿತು.

ಮುದುಕಿ ಹೊರಗೆ ಬಂದಳು. ದಿನಾ ಎರಡೇ ಎರಡು ಬಳೆ ತೊಡುವವಳ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ.

“ಬಳೆ ತೆಗೀರಿ ಅಜ್ಜಿ!” ನೇತ್ರಾ ಕಿರುಚಿದಳು.

ಚಿಕ್ಕತಾಯಮ್ಮ ತೆಗೆಯಲಿಲ್ಲ. ಆಟೊ ಹತ್ತಿ ಶಿಷ್ಯೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಪೇಟೆ ಮುಟ್ಟುವವರೆಗೂ ಆ ಬಳೆಗಳು ಸದ್ದು ಮಾಡುತ್ತಲೇ ಇದ್ದವು. ಹಳ್ಳದಿಣ್ಣೆಯ ಕುಲುಕಾಟಕ್ಕೆ ಎಂದುಕೊಂಡಳು ನೇತ್ರಾ. ಡಾಂಬರು ರಸ್ತೆ ಬಂದ ಮೇಲೂ ಸದ್ದು ನಿಲ್ಲಲಿಲ್ಲ. ಆಗ ತಿಳಿಯಿತು, ಗುರುವಿನ ಕೈ ನಡುಗುತ್ತಿದೆ.

ಆ ಕೈ ನಡುಗಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಭಯ ಇಮ್ಮಡಿಯಾಗಬೇಕಿತ್ತು. ಆಗಲಿಲ್ಲ. ಆ ಸದ್ದನ್ನೇ ಕೇಳುತ್ತಾ ಉಸಿರಾಡಿದಳು.

ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ರಕ್ತ ನಿಂತಿತು. ಕೂಸಿನ ಎದೆಬಡಿತ ಕೇಳಿಸಿತು. ಆದರೂ ಡಾಕ್ಟ್ರಮ್ಮ ನಗಲಿಲ್ಲ.

“ಯಾವ ಗಳಿಗೆಯಲ್ಲಾದರೂ ಮತ್ತೆ ಶುರುವಾಗಬಹುದು. ಕೂಸು ಕೈಗೆ ಬರುವವರೆಗೂ ಇಲ್ಲೇ ಇರಬೇಕು” ಎಂದು ಹೇಳಿ ಹೋದರು.

ಕೂಸು ಕೈಗೆ ಬರುವವರೆಗೂ. ಇನ್ನೂ ತಿಂಗಳಿಗೂ ಮಿಕ್ಕಿ ದಿನಗಳು. ನೇತ್ರಾ ಸೂರು ನೋಡುತ್ತಾ ಮಲಗಿದಳು.

ನರ್ಸಮ್ಮ ಕಾಗದ ಹಿಡಿದು ಬಂದವಳು ಮುದುಕಿಯ ಗುರುತು ಹಿಡಿದಳು. “ನೀವು ಹೊಳೆದಂಡೆ ಸೂಲಗಿತ್ತಿ ಅಲ್ವಾ? ಇಲ್ಲಿ ನಿಮ್ಮ ಕೆಲಸ ಏನೂ ಇಲ್ಲವಲ್ಲಮ್ಮ. ಪೇಷೆಂಟ್ ಜೊತೆ ಯಾರಿರ್ತಾರೆ?”

“ನಾನಿರ್ತೀನಿ.”

“ನೀವು ಪೇಷೆಂಟಿಗೆ ಏನಾಗಬೇಕು? ಏನಂತ ಬರೀಲಿ?”

“ಅವರು ನನ್ನ ಗುರು” ಎಂದಳು ನೇತ್ರಾ ಮಲಗಿದಲ್ಲಿಂದಲೇ.

ಚಿಕ್ಕತಾಯಮ್ಮ ನಡುಗುವ ಕೈ ಎರಡನ್ನೂ ನರ್ಸಮ್ಮನ ಮುಂದೆ ಹಿಡಿದಳು.

“ಬಳೆ ಕಾಣಕಿಲ್ವೇನವ್ವ? ಅವ್ವ ಅಂತ ಬರ್ಕೊ.”