ಬಲಿತ ಅಂಡಕ್ಕೆ ಹಂಚಿದ ಬೆಲ್ಲ

“ಗುರುಗಳೇ, ತಾನಾಗಿ ಹುಟ್ಟದ ಮಗುವನ್ನು ಔಷಧಿ ತಿಂದು ಪಡೆಯಬಹುದೇ? ದೇವರನ್ನು ನಂಬಿ ಕಾಯುವುದು ಸರಿಯಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕಂಬಳಿ ನೇಕಾರನಿದ್ದ. ಅವನ ಹೆಂಡತಿ ಚೌಡಮ್ಮ. ಮದುವೆಯಾಗಿ ಆರು ವರ್ಷವಾದರೂ ಅವರಿಗೆ ಮಕ್ಕಳಾಗಲಿಲ್ಲ. ಅತ್ತೆಯ ಮಾತಿನಂತೆ ಚೌಡಮ್ಮ ಸೋಮವಾರದ ಉಪವಾಸದ ಹರಕೆ ಹೊತ್ತಳು. ಆದರೆ ಅವಳ ಮುಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ ಬರುತ್ತಿತ್ತು. ಗಂಡ ಹೆಂಡತಿ ಅತ್ತೆಗೆ ಹೇಳದೆ ವೈದ್ಯೆಯ ಬಳಿ ಹೋದರು.

ವೈದ್ಯೆ ಇಬ್ಬರನ್ನೂ ಪರೀಕ್ಷಿಸಿ, “ನಿನ್ನಲ್ಲಿ ಅಂಡಗಳಿವೆಯಮ್ಮ. ಅವು ಬಲಿತು ಹೊರಗೆ ಬರುತ್ತಿಲ್ಲ, ಅಷ್ಟೇ. ಬಲಿಯುವುದಕ್ಕೆ ಈ ಮಾತ್ರೆ ನೆರವಾಗುತ್ತದೆ. ಮುಟ್ಟಾದ ಐದನೆಯ ದಿನದಿಂದ ದಿನಕ್ಕೊಂದರಂತೆ ಐದು ದಿನ ತೆಗೆದುಕೋ” ಎಂದರು.

ಚೌಡಮ್ಮ ಮಾತ್ರೆಗಳನ್ನು ಉಣ್ಣೆಯ ಬುಟ್ಟಿಯಲ್ಲಿ ಬಚ್ಚಿಟ್ಟಳು. ನುಂಗಲು ಶುರುಮಾಡಿದ ಎರಡನೆಯ ದಿನವೇ ಅವು ಅತ್ತೆಯ ಕೈಗೆ ಸಿಕ್ಕವು. ಚೌಡಮ್ಮ ಎಲ್ಲವನ್ನೂ ಹೇಳಿದಳು.

ಮುದುಕಿ ಮಾತ್ರೆಗಳನ್ನು ಮತ್ತೆ ಬುಟ್ಟಿಯಲ್ಲಿಟ್ಟಳು. ಆಮೇಲೆ, “ಇವತ್ತು ಸೋಮವಾರ. ಬರೀ ಹೊಟ್ಟೆಯಲ್ಲಿ ನುಂಗಿದೆಯೇನೇ?” ಎಂದಳು.

“ಹೌದತ್ತೆ.”

“ಏಳು, ರೊಟ್ಟಿ ತಿನ್ನು. ಮಾತ್ರೆ ನಿನ್ನದು. ಉಪವಾಸ ಇನ್ನು ನನ್ನದು.”

ಮೊದಲ ಸಲ ಅಂಡ ಬಲಿಯಲಿಲ್ಲ. ಮುಂದಿನ ಸಲ ವೈದ್ಯೆ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಸ್ಕ್ಯಾನಿಂಗ್‌ನಲ್ಲಿ ಒಂದು ಅಂಡ ಬಲಿತದ್ದು ಕಂಡಿತು. ಸುದ್ದಿ ಕೇಳಿದ್ದೇ ಮುದುಕಿ ಬೆಲ್ಲ ಹಿಡಿದು ಬೀದಿಗೆ ಹೊರಟಳು. ಏನು ವಿಶೇಷವೆಂದು ಕೇಳಿದವರಿಗೆಲ್ಲ, “ನನ್ನ ಸೊಸೆಗೆ ಅಂಡ ಬಲಿತಿದೆ!” ಎಂದಳು. ಗಂಡಸರು ತಲೆ ತಗ್ಗಿಸಿಕೊಂಡು ಬೆಲ್ಲ ತಿಂದರು. ಚೌಡಮ್ಮ ನಾಚಿ ಬಾಗಿಲು ಹಾಕಿಕೊಂಡು, ಒಳಗೆ ಬಿದ್ದು ಬಿದ್ದು ನಕ್ಕಳು. ಆರು ವರ್ಷದಲ್ಲಿ ಆ ಮನೆ ಅಂಥ ನಗು ಕೇಳಿರಲಿಲ್ಲ.

ಆ ತಿಂಗಳು ಅವಳು ಬಸಿರಾಗಲಿಲ್ಲ. ಕೂತು ಅತ್ತಳು. “ಅಂಡ ಬಲಿಯುವುದನ್ನು ಕಲಿತಿದೆಯಲ್ಲ, ಇನ್ನೇನು?” ಎಂದು ಮುದುಕಿ ಈ ಬಾರಿ ತಾನೇ ಅವಳನ್ನು ವೈದ್ಯೆಯ ಬಳಿಗೆ ಕರೆದೊಯ್ದಳು. ನಾಲ್ಕನೆಯ ಸಲ ಮಾತ್ರೆ ತೆಗೆದುಕೊಂಡಾಗ ಚೌಡಮ್ಮ ಬಸಿರಾದಳು. ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ನೇಕಾರ ಮಗಳನ್ನು ಎತ್ತಿಕೊಂಡವನು ಎರಡು ದಿನ ಮಗ್ಗದ ಕಡೆ ತಿರುಗಿ ನೋಡಲಿಲ್ಲ.

ಗುರುಗಳು ನಿಲ್ಲಿಸಿದರು.

“ಹಾಗಾದರೆ ಆ ಮಗು ಮಾತ್ರೆಯ ಫಲವೋ, ಉಪವಾಸದ ಫಲವೋ?” ಎಂದು ಶಿಷ್ಯ ಕೇಳಿದ.

“ಕೂಸು ಹಾಲಿಗೆ ಅಳುತ್ತಿದ್ದ ಆ ಮನೆಯಲ್ಲಿ ಇದನ್ನು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ” ಎಂದರು ಗುರುಗಳು.